ಏಳಕ್ಕೆ ಏಳು ಬಂದ ನೇಮಕಾತಿ ಪತ್ರ

ನಕಲಿ ನೇಮಕಾತಿ ತಡೆ ಕಚೇರಿಯಲ್ಲಿ ದೂರು ಗುಮಾಸ್ತರ ಹುದ್ದೆ ಒಂಬತ್ತು ವರ್ಷದಿಂದ ಖಾಲಿ ಇತ್ತು. ಬರ್ಕೊಳ್ಳೋರೇ ಇಲ್ಲದ್ದರಿಂದ ಒಂದು ದೂರೂ ದಾಖಲಾಗಿರಲಿಲ್ಲ. ಆದ್ದರಿಂದ, ಕೆಲಸ ಕೊಡಿಸ್ತೀವಿ ಅಂತ ಟೋಪಿ ಹಾಕೋರ ಸಂಖ್ಯೆ ಊರಲ್ಲಿ ಸೊನ್ನೆ ಅಂತ ಕಚೇರಿ ವರ್ಷವರ್ಷವೂ ಹೆಮ್ಮೆಯಿಂದ ಪ್ರಕಟಿಸ್ತಿತ್ತು.

ಇಂಥ ಜಾಗಕ್ಕೆ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಅಂದ್ರೆ ಸಿಬ್ಬಂದಿ ಬರೋಕೆ ಒಂದೂವರೆ ಗಂಟೆ ಮುಂಚೆ, ಕಾಜಾ ಅಕ್ಕ ಬಂದು ನಿಂತಳು. ಅಣ್ಣನ ಟೈಲರ್ ಅಂಗಡಿಯ ಮೂಲೆ ಸ್ಟೂಲಲ್ಲಿ ಹನ್ನೊಂದು ವರ್ಷ ಕೂತು ಅಂಗಿಗಳಿಗೆ ಗುಂಡಿ ತೂರಿಸೋ ಕಾಜಾ ಹೊಲಿದು, ಗುಂಡಿ ಹಚ್ಚಿ ಅವಳಿಗೆ ಆ ಹೆಸರು ಬಂದಿತ್ತು. ಸೂಜಿ ಚುಚ್ಚಿ ಚುಚ್ಚಿ ಹೆಬ್ಬೆರಳು ಜರಡಿಯಾಗಿ, ನೀರು ಕುಡಿದ್ರೆ ಅಲ್ಲಿಂದ ಸೋರೋದು. ಈಗ ಕೈಯಲ್ಲಿ ನೇಮಕಾತಿ ಪತ್ರ. ಇದೇ ಕಚೇರೀಲಿ ಗುಮಾಸ್ತೆ ಕೆಲಸ!

ಅತ್ತಿಗೆ ಮಾತ್ರ ಬಾಗಿಲಲ್ಲೇ ಅಂದಿದ್ದಳು, "ಹೋಗ್ಬಾ ತಾಯಿ. ಮಧ್ಯಾಹ್ನದೊಳಗೆ ವಾಪಸ್ ಬಂದ್ಬಿಡು, ಹದಿನಾಲ್ಕು ಅಂಗಿ ಬಾಕಿ ಇದೆ." ವಾಪಸ್ ಹೋದ್ರೆ ಆ ಸ್ಟೂಲು ಸಾಯೋವರೆಗೂ ಬಿಡಲ್ಲ ಅಂತ ಅಕ್ಕನಿಗೆ ಗೊತ್ತಿತ್ತು.

ಹನ್ನೊಂದೂವರೆಗೆ ಬಂದ ಹೆಡ್ ಗುಮಾಸ್ತರು ಪತ್ರವನ್ನ ಗೋಡೆ ಮೇಲಿದ್ದ 'ನಕಲಿ ಪತ್ರದ ಏಳು ಲಕ್ಷಣಗಳು' ಫಲಕದ ಪಕ್ಕ ಹಿಡಿದರು. ಪರೀಕ್ಷೆ ಇಲ್ಲ, ಸರಿ. ಮುದ್ರೆ ಓರೆ, ಸರಿ. ಅರ್ಜಿ ಹಾಕಿದ ಮೂರೇ ದಿನಕ್ಕೆ ಉತ್ತರ. ಅಭ್ಯರ್ಥಿಯನ್ನ ಮರ್ಯಾದೆಯಿಂದ ಮಾತಾಡಿಸಿದಾರೆ. ಕೊನೆಗೆ ಎದ್ದು ಕೈ ಕುಲುಕಿದರು.

"ಅಭಿನಂದನೆ ಕಣಮ್ಮಾ! ಏಳಕ್ಕೆ ಏಳು! ನನ್ನ ಸರ್ವೀಸಲ್ಲೇ ಇಷ್ಟು ಶುದ್ಧವಾದ ನಕಲಿ ನೋಡಿಲ್ಲ."

ಅಕ್ಕ ಕೈ ಬಿಡಿಸಿಕೊಂಡಳು. "ಮತ್ತೆ ನನ್ನ ಕೆಲಸ?"

"ದೂರು ಕೊಡಿ. ಆ ಕುರ್ಚೀಲಿ ಕೂತಿರೋರು ಬರ್ಕೋತಾರೆ."

"ಕುರ್ಚಿ ಖಾಲಿ ಇದೆಯಲ್ಲ ಸಾರ್."

"ಹುದ್ದೆ ತುಂಬಿದ ಮೇಲೆ ಬನ್ನಿ."

"ನನಗೆ ಕೊಟ್ಟಿರೋದೇ ಆ ಹುದ್ದೆ ಸಾರ್. ಓದಿ ನೋಡಿ."

ಹೆಡ್ ಗುಮಾಸ್ತರು ಓದಿದರು. ನಿಜವೇ. ಅಕ್ಕ ಕರ್ಚೀಫಲ್ಲಿ ಒಂಬತ್ತು ವರ್ಷದ ಧೂಳು ಕೊಡವಿ ಕೂತಳು. ದೂರು ನಮೂನೆ ತೆಗೆದು, ಎದುರಿನ ಖಾಲಿ ಜಾಗ ನೋಡಿ "ಹೆಸರು?" ಅಂದಳು. ಎದ್ದು ಮೇಜು ಸುತ್ತಿ ಬಂದು ಹೆಸರು ಹೇಳಿದಳು. ಮತ್ತೆ ಹೋಗಿ ಕೂತು ಬರೆದುಕೊಂಡಳು. ಆರನೇ ಸುತ್ತಿಗೆ ಬೇಜಾರಾಗಿ "ನಾಳೆ ಬನ್ನಿ" ಅಂದಳು. ಈ ಕಡೆ ಬಂದು "ಯಾಕ್ರೀ ಬಡವರನ್ನ ಅಲೆಸ್ತೀರ?" ಅಂತ ಜಗಳಕ್ಕೆ ನಿಂತಳು.

ಹೆಡ್ ಗುಮಾಸ್ತರ ಕಣ್ಣಲ್ಲಿ ಆನಂದದ ನೀರು. "ಈಕೆಗೆ ಅನುಭವ ಇಲ್ಲ ಅಂತ ಯಾರು ಹೇಳ್ತಾರೆ!"

ಕಡತ ಸಾಹೇಬರ ಕೋಣೆಗೆ ಹೋಯಿತು. ಸಾಹೇಬರು ಕನ್ನಡಕ ಒರೆಸಿ ತೀರ್ಪು ಬರೆಸಿದರು: "ಪತ್ರ ನಕಲಿ ಆದಲ್ಲಿ ಈಕೆ ಗುಮಾಸ್ತೆ ಅಲ್ಲ. ಗುಮಾಸ್ತೆ ಅಲ್ಲದವರು ಬರೆದುಕೊಂಡ ದೂರು, ದೂರೇ ಅಲ್ಲ. ದೂರೇ ಇಲ್ಲದ ಪತ್ರವನ್ನು ನಕಲಿ ಎನ್ನಲು ಬರುವುದಿಲ್ಲ. ಆದ್ದರಿಂದ ಪತ್ರ ಅಸಲಿ."

ಅಸಲಿ ಪತ್ರದಲ್ಲಿ ಆ ಏಳು ಲಕ್ಷಣ ಇದ್ದಿದ್ದರಿಂದ ಫಲಕದ 'ನಕಲಿ' ಅನ್ನೋದನ್ನ ಅಳಿಸಿ 'ಅಸಲಿ' ಅಂತ ಬರೆಸಿದರು.

ಗುರುವಾರ ಒಬ್ಬ ಬಿಳಿ ಮೀಸೆಯವರು ಏದುಸಿರು ಬಿಡ್ತಾ ಬಂದರು. ಇದೇ ಹುದ್ದೆಗೆ ಒಂಬತ್ತು ವರ್ಷದ ಹಿಂದೆ ಪರೀಕ್ಷೆ ಬರೆದು ಮೊದಲನೆಯವರಾಗಿ ಪಾಸಾದವರು. ಆಗ ಮೀಸೆ ಕಪ್ಪಗಿತ್ತಂತೆ. ಪತ್ರ ಈಗ ಬಂತು.

ಅಕ್ಕ ಫಲಕದ ಪಕ್ಕ ಪತ್ರ ಹಿಡಿದು ನೋಡಿದಳು. ಪರೀಕ್ಷೆ ಇದೆ. ಮುದ್ರೆ ನೆಟ್ಟಗಿದೆ. ಮರ್ಯಾದೆಯ ಒಂದು ಮಾತೂ ಇಲ್ಲ.

"ಏಳಕ್ಕೆ ಸೊನ್ನೆ," ಅಂದಳು ಮೆತ್ತಗೆ. "ಯಾರೋ ನಿಮಗೆ ಮೋಸ ಮಾಡಿದಾರೆ ಯಜಮಾನ್ರೇ."

"ಅಯ್ಯೋ! ಒಂಬತ್ತು ವರ್ಷ ಕಾದೆನಲ್ಲಮ್ಮಾ!"

"ಅದೇ ನೋಡಿ, ಅಸಲಿ ಆಗಿದ್ರೆ ಮೂರು ದಿನಕ್ಕೆ ಬರ್ತಿತ್ತು."

ಅವರು ತಲೆದೂಗಿದರು. ಮಾತು ನ್ಯಾಯವಾಗೇ ಇತ್ತು.

ಅಷ್ಟರಲ್ಲಿ ಅತ್ತಿಗೆ ಹದಿನಾಲ್ಕು ಅಂಗಿ ಹೆಗಲಿಗೆ ಹಾಕ್ಕೊಂಡು ಒಳಗೆ ನುಗ್ಗಿದಳು. "ಬಾರೇ ಮನೆಗೆ! ನಾಲ್ಕು ದಿನದಿಂದ ಊರಿನ ಗಂಡಸರೆಲ್ಲ ಎದೆ ಬಿಟ್ಕೊಂಡು ಓಡಾಡ್ತಿದಾರೆ!"

"ಸಂಬಂಧ?" ಅಂದಳು ಅಕ್ಕ, ನಮೂನೆ ತೆಗೆದು.

"ನಿನ್ನ ಅತ್ತಿಗೆ ಕಣೇ!"

"ನಮೂನೇಲಿ ಅತ್ತಿಗೆ ಅನ್ನೋ ಕಾಲಂ ಇಲ್ಲ. ನಾಳೆ ಬನ್ನಿ."

ಅತ್ತಿಗೆ ಅಕ್ಕನ ಮುಖ ನೋಡಿದಳು. ಈ ಕೆಲಸ ನಿಜವಾದದ್ದೇ ಅಂತ ಆಗ ಅವಳಿಗೆ ಖಾತ್ರಿಯಾಯಿತು. ತಿರುಗಿ ಬಿಳಿ ಮೀಸೆಯವರನ್ನ ಕೇಳಿದಳು, "ಏನ್ರೀ, ಕಾಜಾ ಹೊಲಿಯೋಕೆ ಬರುತ್ತಾ?"

"ನೇಮಕಾತಿ ಪತ್ರ ಕೊಡ್ತೀರಾ?"

"ಸೂಜಿ ಕೊಡ್ತೀನಿ."

ಪತ್ರವೇ ಇಲ್ಲದ ಮೇಲೆ ಅದು ನಕಲಿ ಆಗೋ ಪ್ರಶ್ನೆಯೇ ಇಲ್ಲ ಅಂತ ಕಾಜಾ ಅಕ್ಕ 'ಸುರಕ್ಷಿತ ಉದ್ಯೋಗ' ಮುದ್ರೆಯನ್ನ ಅಂಗಿಗಳ ಮೇಲೇ ಒತ್ತಿ ಇಬ್ಬರನ್ನೂ ಕಳಿಸಿದಳು.

ವರ್ಷದ ಕೊನೆಗೆ ಕಚೇರಿ ಪ್ರಕಟಿಸಿತು: "ಪರೀಕ್ಷೆ ಪಾಸು ಮಾಡಿಕೊಂಡು ಕಚೇರಿಗೆ ನುಸುಳಲು ಯತ್ನಿಸಿದ ಒಬ್ಬನನ್ನು ದಕ್ಷ ಗುಮಾಸ್ತೆಯು ಪತ್ತೆ ಹಚ್ಚಿರುತ್ತಾರೆ. ಮೂರೇ ದಿನದಲ್ಲಿ ಆಕೆಯನ್ನು ನೇಮಿಸಿದ ಅಜ್ಞಾತ ಮಹನೀಯರು ದಯವಿಟ್ಟು ಮುಂದೆ ಬಂದು ಖಾಲಿ ಇರುವ ಉಳಿದ ಹನ್ನೆರಡು ಹುದ್ದೆಗಳನ್ನೂ ತುಂಬಿಕೊಡಬೇಕು."

ಅಂಗಡಿಯ ಮೂಲೆ ಸ್ಟೂಲಲ್ಲಿ ಕೂತು ಬಿಳಿ ಮೀಸೆಯವರು ಇದನ್ನ ಗಟ್ಟಿಯಾಗಿ ಓದಿದರು. "ಸದ್ಯ! ಯಾರೋ ಒಬ್ಬ ಕಳ್ಳ ಸಿಕ್ಕಿಬಿದ್ದನಲ್ಲ," ಅಂತ ನೆಮ್ಮದಿಯಿಂದ ಸೂಜಿಗೆ ದಾರ ಪೋಣಿಸಿದರು.