ಕಂಪ್ಯೂಟರಿಗೆ ಹೊಲಿದ ಕೋಟು

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಯಾರು ಕಟ್ಟಿದರೋ ಗೊತ್ತಿಲ್ಲ. ಆದರೆ ಅವರಿಗೆ ನಮ್ಮ ದರ್ಜಿ ಯಜಮಾನರ ಪರಿಚಯ ಇರಲಿಲ್ಲ ಎಂಬುದು ಮಾತ್ರ ಖಂಡಿತ. ಇದ್ದಿದ್ದರೆ ಪಾಪ, ಗಾದೆಯೊಳಗೆ ಒಬ್ಬ ಹೆಂಗಸನ್ನು ಎಳೆದು ತರುತ್ತಿರಲಿಲ್ಲ.

ಆ ಭಾನುವಾರ ಊಟವಾದ ಮೇಲೆ ಯಜಮಾನರು ಕಂಪ್ಯೂಟರಿನ ಕಾರ್ ರೇಸಿನಲ್ಲಿ ಭಾವಮೈದನ ಎದುರು ಏಳನೆಯ ಸಲ ಸೋತರು. ಭಾವಮೈದ ಬಸ್ ಡ್ರೈವರ್. ಒಬ್ಬರಾದ ಮೇಲೆ ಒಬ್ಬರು ಮೂರು ಸುತ್ತು ಓಡಿಸುವುದು, ಬೇಗ ಮುಗಿಸಿದವರು ಗೆದ್ದ ಹಾಗೆ. ಮನೆಗೆ ಬಂದವನಿಗೇ ಮೊದಲ ಸರದಿ ಎಂಬುದು ಯಜಮಾನರ ದೊಡ್ಡ ಮನಸ್ಸು. ಅವನ ಸರದಿಯಲ್ಲಿ ಕಾರು ರೇಷ್ಮೆಯ ಮೇಲೆ ಕತ್ತರಿ ಜಾರಿದ ಹಾಗೆ ಓಡುತ್ತದೆ. ಇವರ ಸರದಿ ಬರುವ ಹೊತ್ತಿಗೆ ಅದೇ ಕಾರಿಗೆ ಮಂಡಿನೋವು. ನಿಲ್ಲುತ್ತದೆ, ಜಿಗಿಯುತ್ತದೆ, ತಿರುವು ಕಣ್ಣಿಗೆ ಬೀಳುವಷ್ಟರಲ್ಲಿ ಗೋಡೆಗೆ ಹೋಗಿ ಹಣೆ ಚಚ್ಚಿಕೊಳ್ಳುತ್ತದೆ.

“ನಂದೇನೂ ತಪ್ಪಿಲ್ಲ. ಕಂಪ್ಯೂಟರೇ ನಿಧಾನ” ಎಂದರು ಯಜಮಾನರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಆ ಗಾದೆಯನ್ನು ಪ್ರಯೋಗಿಸಿದ್ದು ಆಗಲೇ. ಭಾವಮೈದ ಬಿದ್ದು ಬಿದ್ದು ನಕ್ಕ. (ಗಾದೆ ಆ ಮನೆಗೆ ಹೊಸದೇನಲ್ಲ. ಅದನ್ನು ಮೊದಲು ಮನೆಯೊಳಗೆ ತಂದವರು ಯಾರು ಎಂಬುದು ಆಮೇಲೆ ತಿಳಿಯುತ್ತದೆ.)

“ಹಾಗಾದ್ರೆ ಒಂದು ಮಾತು” ಎಂದಳು ಹೆಂಡತಿ. “ಒಂದು ವಾರ ಟೈಮ್ ತಗೊಳ್ಳಿ. ಅದನ್ನ ಸರಿ ಮಾಡಿ. ಸರಿ ಹೋದ ಮೇಲೂ ಸೋತ್ರೆ ಕಂಪ್ಯೂಟರ್ ಮೆಟ್ಟಿಲ ಕೆಳಗೆ ಹೋಗ್ಬೇಕು, ಕಿಟಕಿ ಮೂಲೆ ನಂದು.”

“ಗೆದ್ರೆ?”

“ಗೆದ್ರೆ ಆ ಮೂಲೆ ವಿಷಯ ಈ ಜನ್ಮದಲ್ಲಿ ಎತ್ತಲ್ಲ.”

ಮೂಲೆಯ ವಿಷಯ ಸಣ್ಣದಲ್ಲ. ಆ ಮನೆಯಲ್ಲಿ ಬೆಳಕು ಬರುವ ಕಿಟಕಿ ಇರುವುದು ಒಂದೇ. ಹತ್ತು ವರ್ಷದ ಹಿಂದೆ ಮಗಳ ಓದಿಗೆಂದು ಕಂಪ್ಯೂಟರ್ ಬಂದಾಗ, “ಯಂತ್ರ ಅಂದ್ಮೇಲೆ ಗಾಳಿ ಬೆಳಕು ಬೇಕು” ಎಂದು ಯಜಮಾನರು ಅದನ್ನು ಅಲ್ಲಿ ಪ್ರತಿಷ್ಠಾಪಿಸಿದರು. ಅಂಗಡಿಯಿಂದ ಬರುವ ಬಟ್ಟೆಗಳಿಗೆ ಗುಂಡಿ ಹಚ್ಚಿ ಕಾಜಾ ಹಾಕುವ ಹೆಂಡತಿಯ ಕುರ್ಚಿ ಮೆಟ್ಟಿಲ ಕೆಳಗಿನ ಕತ್ತಲೆಗೆ ಹೋಯಿತು. ಮಗಳು ಓದಿ ಮುಗಿಸಿ, ಬೇರೆ ಊರಿನಲ್ಲಿ ನರ್ಸ್ ಆದಳು. ಕಂಪ್ಯೂಟರ್ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ.

ಗಾಳಿ ಬಂದ ಮೇಲೆ ಧೂಳೂ ಬರಬೇಕಲ್ಲ. ಅದಕ್ಕೆಂದು ಯಜಮಾನರು ಹೋದ ವರ್ಷ ಸಿಪಿಯು ಪೆಟ್ಟಿಗೆಗೆ ಒಂದು ಕೋಟು ಹೊಲಿದರು. ಹೊರಗೆ ದಪ್ಪ ಬಟ್ಟೆ, ಒಳಗೆ ಲೈನಿಂಗ್, ಅಂಚಿಗೆ ಕೆಂಪು ಪಟ್ಟಿ, ವೈರುಗಳಿಗೆ ಅಳತೆಯ ಕಂಡಿ. ಬಟನ್ ಒತ್ತಲು ಮುಂದೆ ಒಂದು ಕಾಜಾ. ಅದನ್ನು ಹಾಕಿದ್ದು ಹೆಂಡತಿಯೇ. ಕಾಜಾದೊಳಗೆ ಬೆರಳು ತೂರಿಸಿದರೆ ಸಾಕು, ಕಂಪ್ಯೂಟರ್ ಶುರು. ಹಾಗಾಗಿ ಕೋಟು ಕಳಚುವ ಪ್ರಸಂಗವೇ ಇಲ್ಲ.

“ಮೂವತ್ತು ವರ್ಷದಲ್ಲಿ ಇಷ್ಟು ಸರಿಯಾಗಿ ಕೂತ ಬಟ್ಟೆ ಹೊಲಿದಿಲ್ಲ” ಎಂದು ಯಜಮಾನರು ಬಂದವರಿಗೆಲ್ಲ ತೋರಿಸುತ್ತಿದ್ದರು. “ಈ ಗಿರಾಕಿಗೆ ಹೊಟ್ಟೆ ಬರೋ ಭಯವೂ ಇಲ್ಲ.”

ಸೋಮವಾರ ಮಗಳಿಗೆ ಫೋನ್ ಹೋಯಿತು. ಮರ್ಯಾದೆಯ ಪ್ರಶ್ನೆ ಎಂದರು. ಕಿಟಕಿಯ ವಿಷಯ ಹೇಳಲಿಲ್ಲ.

“ಬೇಡದ ಫೈಲ್‌ಗಳನ್ನ ಅಳಿಸಿಹಾಕಪ್ಪಾ” ಎಂದಳು ಮಗಳು. ಯಜಮಾನರು ಅಳಿಸಿದರು. ಭಾವಮೈದನ ಮದುವೆಯ ಫೋಟೋಗಳೂ ಹೋದವು. (ಕೈತಪ್ಪಿ ಹೋದವು ಎಂದು ಅವರ ಹೇಳಿಕೆ.) ಆಟ ಚುರುಕಾಗಲಿಲ್ಲ. ಮಂಗಳವಾರ, ಹಿಂದೆ ಸದ್ದಿಲ್ಲದೆ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿಸಿದ್ದಾಯಿತು. ಬುಧವಾರ ಮಗಳ ಮಾತಿನಂತೆ ಆಟದ ಸೆಟ್ಟಿಂಗಿನಲ್ಲಿ ಚಿತ್ರದ ವೈಭವವನ್ನು ಇಳಿಸಿದರು. ಮರಗಳು ಹೋದವು, ಮೋಡ ಹೋಯಿತು, ಚಪ್ಪಾಳೆ ತಟ್ಟುವ ಜನ ಹೋದರು. ಊರಿಗೆ ಊರೇ ಗುಳೆ ಹೋದ ಮೇಲೆ ಬೋಳು ರಸ್ತೆಯಲ್ಲಿ ಕಾರು ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಮತ್ತದೇ ಮಂಡಿನೋವು.

ಗುರುವಾರ ಮಗಳು ಕೇಳಿದಳು, “ಒಳಗೆ ಧೂಳು ಕೂತಿದೆಯೇನೋ?”

“ಧೂಳಿನ ಮಾತೇ ಎತ್ತಬೇಡ. ಅದಕ್ಕೆ ಭದ್ರವಾಗಿ ಬಂದೋಬಸ್ತ್ ಮಾಡಿದೀನಿ.”

“ಬಿಸಿ ಆಗ್ತಿದೆಯಾ? ಮುಟ್ಟಿ ನೋಡು. ತುಂಬಾ ಬಿಸಿಯಾದ್ರೆ ಸುಟ್ಟು ಹೋಗ್ಬಾರ್ದು ಅಂತ ಅದು ತಾನಾಗೇ ನಿಧಾನ ಆಗತ್ತೆ.”

ಯಜಮಾನರು ಕೋಟಿನ ಮೇಲೆ ಕೈಯಿಟ್ಟರು. ದಪ್ಪ ಬಟ್ಟೆ, ಅದರೊಳಗೆ ಲೈನಿಂಗ್. “ಬಿಸಿ ಎಲ್ಲಿ? ಹಿತವಾಗಿ ಬೆಚ್ಚಗಿದೆ ಅಷ್ಟೆ” ಎಂದರು. ಮೆಟ್ಟಿಲ ಕೆಳಗಿನಿಂದ ಹೆಂಡತಿ ಕೆಮ್ಮಿದ್ದು ಕೇಳಿಸಿತು.

ಈ ಅವಸ್ಥೆಯಲ್ಲೂ ಯಜಮಾನರಿಗೆ ಒಂದು ಮಹತ್ವಾಕಾಂಕ್ಷೆ ಇತ್ತು. ಆಟದ ದಾಖಲೆಪಟ್ಟಿಯ ತುದಿಯಲ್ಲಿ ‘ಮಿಂಚು’ ಎಂಬ ಹೆಸರಿತ್ತು: ಮೂರು ಸುತ್ತಿಗೆ ಎರಡು ನಿಮಿಷ ಐವತ್ತು ಸೆಕೆಂಡ್. ಆಟ ಮಾಡಿದ ಕಂಪನಿಯವರೇ ಜನರನ್ನು ಕೆಣಕಲು ಹಾಕಿದ ಹೆಸರು ಅದೆಂದು ಅವರ ನಂಬಿಕೆ. ಸಾಯುವುದರೊಳಗೆ ಒಮ್ಮೆಯಾದರೂ ಮಿಂಚುವಿನ ಪಕ್ಕದಲ್ಲಿ ತಮ್ಮ ಹೆಸರು ಬರಬೇಕೆಂದು ಅವರ ಆಸೆ.

ಭಾನುವಾರ ಭಾವಮೈದ ಬರಲಿಲ್ಲ. ಡ್ಯೂಟಿ ಬಿತ್ತಂತೆ. ಬೆಳಗಿನಿಂದ ಅಭ್ಯಾಸಕ್ಕೆ ಕೂತಿದ್ದ ಯಜಮಾನರು ನಿಟ್ಟುಸಿರು ಬಿಡುವಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

“ನನ್ನ ತಮ್ಮನ ಬದಲು ನಾನು ಆಡ್ತೀನಿ.”

“ನೀನಾ? ಬ್ರೇಕ್ ಯಾವ್ದು ಅಂತ ಗೊತ್ತೇನೇ ನಿನಗೆ?”

“ನೀವು ಆಡೋದು ನೋಡಿದ್ರೆ ಆಟದಲ್ಲಿ ಬ್ರೇಕ್ ಇದೆ ಅಂತಾನೇ ಅನ್ನಿಸಲ್ಲ” ಎಂದು ಅವಳು ಎದ್ದು, ಕೋಟನ್ನು ಎರಡು ಕೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಕಳಚಿ, ನಾಲ್ಕಾಗಿ ಮಡಚಿ ಕುರ್ಚಿಯ ಮೇಲೆ ಹಾಕಿದಳು. ಒಳಗಿನಿಂದ ಇಸ್ತ್ರಿಪೆಟ್ಟಿಗೆಯ ಹಾಗೆ ಝಳ ಬಂತು.

“ಅಯ್ಯೋ, ಧೂಳು!”

“ಧೂಳಲ್ಲ ರೀ, ಸೆಕೆ. ನೀವಾದ್ರೂ ಬೇಸಿಗೆಯಲ್ಲಿ ಲೈನಿಂಗ್ ಕೋಟು ಹಾಕ್ಕೊಂಡು ಓಡ್ತೀರಾ? ಮಗಳು ಬಿಸಿಯಾ ಅಂತ ಕೇಳಲಿಲ್ವಾ? ನಾನು ಆಡುವಾಗ ದಿನಾ ತೆಗೆದಿಡ್ತೀನಲ್ಲ.”

ಯಜಮಾನರಿಗೆ ಎರಡು ಸಂಗತಿ ಒಟ್ಟಿಗೆ ತಲೆಗೆ ಇಳಿಯಬೇಕಿತ್ತು. ಒಂದು ಮಾತ್ರ ಇಳಿಯಿತು. “ಗೊತ್ತಿದ್ದೂ ಬಾಯಿ ಬಿಡಲಿಲ್ವಲ್ಲ!”

“ಅಷ್ಟು ಆಸೆಯಿಂದ ಹೊಲಿದಿದ್ರಿ. ನಿಮ್ಮ ಮನಸ್ಸು ನೋಯಿಸೋದು ಯಾಕೆ ಅಂತ ಸುಮ್ನಿದ್ದೆ. ಇವತ್ತು ಮಾತ್ರ, ಡೊಂಕು ನೆಲದ ಮೇಲೆ ಗೆದ್ದಳು ಅಂತ ಅನ್ನಿಸ್ಕೊಳ್ಳೋದು ನನಗೆ ಬೇಡ.”

ಯಜಮಾನರಿಗೆ ಆನೆಬಲ ಬಂತು. “ನೋಡಿದ್ಯಾ! ನೆಲ ಡೊಂಕಿತ್ತು ಅಂತ ನಾನು ಅವತ್ತೇ ಬಡ್ಕೊಂಡೆ!”

“ಹೌದು. ಡೊಂಕು ಮಾಡಿದ್ದು ಯಾರು?”

ಆ ಪ್ರಶ್ನೆಯನ್ನು ಅವರು ಕೇಳಿಸಿಕೊಳ್ಳಲಿಲ್ಲ. ಹತ್ತು ನಿಮಿಷ ಕಾದು, ಪೆಟ್ಟಿಗೆ ತಣ್ಣಗಾದ ಮೇಲೆ ಮರ, ಮೋಡ, ಜನರನ್ನೆಲ್ಲ ವಾಪಸು ಕರೆಸಿಕೊಂಡು ತಾವೇ ಮೊದಲು ಕೂತರು. ಕಾರು ಎಲ್ಲೂ ತಡವರಿಸಲಿಲ್ಲ. ಅದಕ್ಕಿಂತ ಚೆನ್ನಾಗಿ ಓಡುವ ಕಾರು ಅವರ ಕೈಗೆ ಎಂದೂ ಸಿಕ್ಕಿರಲಿಲ್ಲ. ಆ ಕಾರನ್ನು ಅವರು ನಾಲ್ಕು ಮರಗಳಿಗೆ, ಮೂರು ಗೋಡೆಗೆ ಮತ್ತು ಒಮ್ಮೆ ಚಪ್ಪಾಳೆ ತಟ್ಟುವ ಜನರ ಕಡೆಗೆ ನುಗ್ಗಿಸಿ, ಐದು ನಿಮಿಷ ಹನ್ನೆರಡು ಸೆಕೆಂಡಿಗೆ ಗುರಿ ಮುಟ್ಟಿಸಿದರು.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಕೂತಳು. ಮೂರು ಸುತ್ತಿನಲ್ಲಿ ಒಂದು ಮಾತಿಲ್ಲ, ಒಂದು ಗೀರಿಲ್ಲ. ಎರಡು ನಿಮಿಷ ನಲವತ್ತೆಂಟು ಸೆಕೆಂಡ್. ಹೊಸ ದಾಖಲೆ ಎಂದು ಪರದೆ ಹೆಸರು ಕೇಳಿತು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಮಿಂಚು.

ಯಜಮಾನರು ದಾಖಲೆಪಟ್ಟಿಯಲ್ಲಿ ಹಳೆಯ ಮಿಂಚು, ಹೊಸ ಮಿಂಚು ಎರಡನ್ನೂ ಬೆರಳಿಟ್ಟು ಓದಿದರು.

ಸಂಜೆಯೊಳಗೆ ಕಂಪ್ಯೂಟರ್ ಮೆಟ್ಟಿಲ ಕೆಳಗೆ ಬಂತು, ಅವಳ ಕುರ್ಚಿ ಕಿಟಕಿಗೆ ಹೋಯಿತು. ಮಾತಿಗೆ ತಪ್ಪುವ ಮನುಷ್ಯರಲ್ಲ ಯಜಮಾನರು. ಕೋಟಿನ ಹೊಲಿಗೆ ಬಿಚ್ಚಿ ಅವಳ ಕುರ್ಚಿಗೆ ಅಳತೆ ತೆಗೆದು ಒಂದು ದಿಂಬು ಹೊಲಿದುಕೊಟ್ಟರು. ನಡುವೆ ಆ ಕಾಜಾ ಹಾಗೇ ಉಳಿಯಿತು.

ಮುಂದಿನ ಭಾನುವಾರಕ್ಕೆ ಅಭ್ಯಾಸ ಮಾಡಲು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕೂತವರು ಎರಡೇ ನಿಮಿಷಕ್ಕೆ ಕೂಗಿದರು, “ಏ, ಇಲ್ಲಿ ಬೆಳಕೇ ಸಾಲದು ಕಣೇ! ಕೀಬೋರ್ಡ್ ಕಾಣ್ತಿಲ್ಲ, ಆಡೋದು ಹೇಗೆ?”

ಹೆಂಡತಿ ಹಲ್ಲಿನಲ್ಲಿ ದಾರ ಕಡಿದು, ಕಿಟಕಿಯ ಬೆಳಕಿಗೆ ಸೂಜಿ ಹಿಡಿದಳು.

“ಹತ್ತು ವರ್ಷ ನಾನು ಅಲ್ಲೇ ಕೂತು ಕಾಜಾ ಹಾಕಿದ್ದು. ಬೆಳಕು ಸಾಲದು, ಹೊಲಿಗೆ ನೆಟ್ಟಗೆ ಬೀಳ್ತಿಲ್ಲ ಅಂತ ನಾನೂ ಒಂದ್ಸಲ ಹೇಳಿದ್ದೆ. ಆಗ ನೀವು ಏನಂದ್ರಿ, ನೆನಪಿದೆಯಾ?”

ನೆನಪಿತ್ತು. ಕುಣಿಯಲಾರದವಳ ಗಾದೆಯನ್ನು ಆ ಮನೆಗೆ ಮೊದಲು ತಂದವರು ಅವರೇ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಕಾರು ಹೊರಡಿಸಿದರು. ಮೊದಲ ತಿರುವಿನಲ್ಲೇ ಮರ ಸಿಕ್ಕಿತು.