ಎಲೆ ಉದುರದ ಹಾಗೆ ಕಾರು ಓಡಿಸಿದ್ದು

ಎದುರು ಮನೆಯವರ ಸ್ಕೂಟರು ದಿನಾ ಬೆಳಿಗ್ಗೆ ಕೆಮ್ಮುತ್ತದೆ. ಒದೆತದ ಮೇಲೆ ಒದೆತ ತಿಂದು, ಗಂಟಲು ಸರಿಮಾಡಿಕೊಂಡು, ಗೊಣಗುತ್ತಾ ಅದು ತಿರುವು ದಾಟುವವರೆಗೂ ನಮ್ಮ ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗುತ್ತವೆ. ನಮ್ಮ ಮನೆಗೆ ಹೈಬ್ರಿಡ್ ಕಾರು ಬಂದ ಮೇಲೆ ಆ ಸದ್ದು ಕೇಳಿದಾಗಲೆಲ್ಲ, "ಪಾಪ, ಎಷ್ಟು ಪೆಟ್ರೋಲು ಕುಡಿಯುತ್ತದೋ!" ಎಂದು ಮರುಗುವಷ್ಟು ದೊಡ್ಡ ಮನುಷ್ಯಳಾಗಿದ್ದೆ ನಾನು. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ನಮ್ಮ ಕಾರು ಪೆಟ್ರೋಲಿನಲ್ಲೂ ಓಡುತ್ತದೆ, ಬ್ಯಾಟರಿಯಲ್ಲೂ ಓಡುತ್ತದೆ. ಯಾವಾಗ ಯಾವುದು ಎಂಬುದು ಅದರ ಮರ್ಜಿ. (ಹೇಳದೆ ಕೇಳದೆ ತೀರ್ಮಾನ ಮಾಡುವವರು ಮನೆಯಲ್ಲಿ ಆಗಲೇ ಮೂವರಿದ್ದೆವು: ನಾನು, ನಮ್ಮವರು, ನಾದಿನಿ.) ಮೆತ್ತಗೆ ಓಡಿಸಿದರೆ ಸ್ಟೀರಿಂಗಿನ ಹಿಂದಿನ ಪರದೆಯಲ್ಲಿ ಒಂದು ಪುಟ್ಟ ಗಿಡ ಎಲೆ ಬಿಡುತ್ತದೆ. ಆಕ್ಸಿಲರೇಟರನ್ನು ಜೋರಾಗಿ ತುಳಿದರೆ ಎಲೆ ಉದುರುತ್ತದೆ. ಒಂದೂ ಉದುರದೆ ಪ್ರಯಾಣ ಮುಗಿದರೆ ಗಿಡದ ತುದಿಯಲ್ಲಿ ಹೂವು. ಆ ಹೂವನ್ನು ನಾನಿನ್ನೂ ಕಂಡಿರಲಿಲ್ಲ.

ಮೊದಲು ನಾನು ಓಡಿಸುವಾಗ ಸೀಟಿನ ಅಂಚು ಹಿಡಿದು ಕೂರುತ್ತಿದ್ದ ನಮ್ಮವರು ಈಗ ಗೊರಕೆ ಹೊಡೆಯತೊಡಗಿದರು. ಕೆಂಪು ದೀಪ ದೂರದಲ್ಲಿ ಕಂಡರೆ ಸಾಕು, ಕಾಲೆತ್ತಿ ಕಾರನ್ನು ತೇಲಲು ಬಿಡುತ್ತಿದ್ದೆ. ಎಸಿಗೆ ಸನ್ಯಾಸ ಕೊಡಿಸಿದೆ. ಡಿಕ್ಕಿಯಲ್ಲಿದ್ದ ಕೊಡೆ, ಹಳೆಯ ಪತ್ರಿಕೆ, ಕೊನೆಗೆ ಅವರ ಬ್ಯಾಡ್ಮಿಂಟನ್ ರ‍್ಯಾಕೆಟ್ಟೂ ಕೆಳಗಿಳಿಯಿತು.

"ರ‍್ಯಾಕೆಟ್ ಏನೇ ಅಷ್ಟೊಂದು ಭಾರ?"

"ನಿಮ್ಮನ್ನ ಇಳಿಸೋಕಾಗಲ್ಲ ಅಂತ ಅದನ್ನ ಇಳಿಸಿದೆ ರೀ."

ಹೀಗಿರುವಾಗ ನಾದಿನಿಗೆ ಶಾಲೆಯೊಂದರಲ್ಲಿ ಚಿತ್ರಕಲೆಯ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನ ಬಂತು. ಹಿಂದೆ ಹೋದಲ್ಲೆಲ್ಲ "ತಿಳಿಸ್ತೀವಿ" ಎಂದವರು ತಿಳಿಸಿರಲಿಲ್ಲ. ಈ ಸಲವೂ ಆಗದಿದ್ದರೆ ಕುಂಚ ಎತ್ತಿಟ್ಟು ಅಣ್ಣನ ಆಫೀಸಿನಲ್ಲಿ ಟೈಪಿಂಗಿಗೆ ಸೇರುತ್ತೇನೆ ಎಂದು ಹೇಳಿದವಳು, ಹೇಳಿದ ಮೇಲೆ ತೊಳೆದ ಬಣ್ಣದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆಯುತ್ತಾ ನಿಂತಿದ್ದಳು.

"ಚಿಂತೆ ಬೇಡ, ನಾನೇ ಬಿಡ್ತೀನಿ" ಎಂದೆ. (ಚಿಂತೆ ಶುರುವಾಗಬೇಕಾದದ್ದೇ ಅಲ್ಲಿ.)

ಅಂದು ಗಿಡ ಸೊಂಪಾಗಿತ್ತು. ಅರ್ಧ ದಾರಿಯಾದರೂ ಒಂದೆಲೆ ಉದುರಿರಲಿಲ್ಲ. ರಸ್ತೆ ಇಕ್ಕಟ್ಟು, ಹಿಂದೊಂದು ಕೆಂಪು ಕಾರು ಒಂದೇ ಸಮನೆ ಹಾರ್ನ್ ಮಾಡುತ್ತಿತ್ತು. ನಾನು ಕಿಟಕಿಯಿಂದ ಕೈ ಹೊರಹಾಕಿ, ಸಾವಧಾನ ಎನ್ನುವಂತೆ ಅಂಗೈ ತೋರಿಸಿದೆ.

"ಅತ್ತಿಗೆ, ಆ ಸೈಕಲ್ ನಮ್ಮನ್ನ ದಾಟಿ ಹೋಯ್ತು."

"ಇಳಿಜಾರು ಕಣೇ, ಅದಕ್ಕೆ."

"ನಾವೂ ಅದೇ ಇಳಿಜಾರಲ್ಲೇ ಇದ್ದೀವಲ್ಲ! ಸ್ವಲ್ಪ ತುಳೀರಿ, ನಿಮ್ಮ ಕಾಲು ಹಿಡೀತೀನಿ."

"ಕಾಲು ಮುಟ್ಟಬೇಡ, ಆಕ್ಸಿಲರೇಟರ್ ಮೇಲಿದೆ!"

ಕೆಂಪು ಕಾರು ಬೇಸತ್ತು ಯಾವುದೋ ಸುತ್ತುದಾರಿಗೆ ತಿರುಗಿಕೊಂಡಿತು. ಶಾಲೆಯ ಗೇಟಿನ ಹೊರಗೆ, ಮರದ ನೆರಳಿನಲ್ಲಿ ಕಾರು ನಿಲ್ಲಿಸಿದೆ. ಪರದೆಯ ಮೇಲೆ ಗುಲಾಬಿ ಬಣ್ಣದ ಹೂವೊಂದು ಮೆಲ್ಲನೆ ಅರಳಿತು.

"ಹೂವು ಬಂತು ಕಣೇ!" ಎಂದು ತಿರುಗಿದೆ. ಪಕ್ಕದ ಸೀಟು ಖಾಲಿ. ಚಿತ್ರಗಳ ಸುರುಳಿ ಕಂಕುಳಲ್ಲಿ ಅವುಚಿಕೊಂಡು ಅವಳು ಅಂಗಳ ದಾಟಿ ಓಡುತ್ತಿದ್ದಳು. ಒಂದು ಚಿತ್ರ ಜಾರಿ ಬಿದ್ದರೂ ತಿರುಗಿ ನೋಡಲಿಲ್ಲ. ಶಾಲೆಯ ಗೋಡೆಯ ಗಡಿಯಾರ ನೋಡಿದೆ. ತಡವಾಗಿತ್ತು. ಆ ಚಿತ್ರವನ್ನೆತ್ತಿ ಮಣ್ಣು ಒರೆಸುವಾಗ ನನ್ನ ಹೂವು ನನಗೇ ಬೇಡವಾಯಿತು.

"ಹೆಡ್ ಮೇಡಂ ಇನ್ನೂ ಬಂದಿಲ್ಲ, ಕೂತ್ಕೊಳ್ಳಿ" ಎಂದರು ಗುಮಾಸ್ತರು. ನಾದಿನಿ ಒಳಗೆ ಕೂತಿದ್ದಳು. ನಾನು ಹೊರಗಿನ ಬೆಂಚಿನಲ್ಲಿ ಹೋದ ಜೀವ ಬಂದಂತೆ ಕುಸಿದೆ. ಅಷ್ಟರಲ್ಲಿ ಹಿಂಬಾಗಿಲಿನಿಂದ ದಡಬಡನೆ ಬಂದ ಮುಖ್ಯೋಪಾಧ್ಯಾಯಿನಿಯ ದನಿ ಅರೆತೆರೆದ ಬಾಗಿಲಿನಿಂದ ಕೇಳಿಸಿತು.

"ಕಾಯಿಸಿಬಿಟ್ಟೆ ಕಣಮ್ಮ. ದಾರೀಲಿ ಮುಂದೆ ಒಬ್ಬಳು ಮಹಾತಾಯಿ! ಸೈಕಲ್ ದಾಟಿ ಹೋಗುತ್ತೆ, ಇವಳು ಹೋಗಲ್ಲ. ಹಾರ್ನ್ ಮಾಡಿದ್ರೆ ಕೈ ಎತ್ತಿ ಆಶೀರ್ವಾದ ಮಾಡ್ತಾಳೆ!"

ಒಳಗೆ ಕುರ್ಚಿಯೊಂದು ಕಿರುಗುಟ್ಟಿತು.

"ಹಿಂದೆ ಇದ್ದೋರದ್ದು ಬಿಡಿ ಮೇಡಂ" ಎಂದಿತು ನಾದಿನಿಯ ದನಿ. "ಪಕ್ಕದಲ್ಲಿ ಕೂತಿದ್ದೋರ ಗತಿ ಯೋಚಿಸಿ." ಅದರಲ್ಲಿ ತಮಾಷೆ ಇತ್ತು, ತಮಾಷೆಯ ಅಡಿಯಲ್ಲಿ ಅಳುವೂ ಇತ್ತು.

"ಎಲ್ಲಿ, ಅದನ್ನೇ ಬರೆದು ತೋರಿಸು ನೋಡೋಣ. ಬೆನ್ನು ಬಿಟ್ಟು ನಾನೇನೂ ನೋಡಿಲ್ಲ, ಮುಖ ನೀನೇ ಹಾಕು."

ಪೆನ್ಸಿಲ್ಲು ಸರಸರ ಓಡಿತು. ಅಷ್ಟು ವೇಗ ನಮ್ಮ ಕಾರಿಗೆ ಬಂದಿದ್ದರೆ! ಆಮೇಲೆ ಮೇಡಂ ನಕ್ಕ ನಗುವಿಗೆ ಗುಮಾಸ್ತರೂ ತಲೆಯೆತ್ತಿದರು.

"ಇವಳೇ! ಹೀಗೇ ಇರ್ತಾಳೆ! ಸೋಮವಾರದಿಂದ ಬಾಮ್ಮ. ಇದನ್ನ ಸ್ಟಾಫ್ ರೂಮಲ್ಲಿ ಹಾಕಿಸ್ತೀನಿ."

ಬಾಗಿಲು ತೆರೆಯಿತು. ಮೇಡಂ ಕೈಯಲ್ಲಿ ಚಿತ್ರ. ನನ್ನದೇ ಮೂಗು, ನನ್ನದೇ ಬೊಟ್ಟು, ಸ್ಟೀರಿಂಗಿನ ಮೇಲೆ ಬಾಗಿದ ಭಕ್ತಿಯ ಮುಖ. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಅವರ ಹಿಂದೆ ನಾದಿನಿಯ ಮುಖ ಬಿಳಿಚಿತ್ತು.

"ನೀವು... ಹೇಗೆ ಬಂದ್ರಿ?"

"ನಾನಾ? ನಡ್ಕೊಂಡು ಬಂದೆ ಮೇಡಂ" ಎಂದು ಎದ್ದೆ. ಮಣ್ಣಾದ ಚಿತ್ರವನ್ನು ನಾದಿನಿಯ ಕೈಗಿಟ್ಟು ಅಂಗಳಕ್ಕಿಳಿದೆ. "ಈ ಕಾರು ಗೀರು ನಮಗೆ ಆಗಿಬರಲ್ಲ, ದಿನಾ ನಡಿಗೆ, ಈಗಲೂ ನೋಡಿ, ಹೀಗೇ ನಡ್ಕೊಂಡು..." ಮರದ ನೆರಳಿನಲ್ಲಿ ನಿಂತಿದ್ದ ಕಾರನ್ನು ಗುರುತೇ ಇಲ್ಲದವಳ ಹಾಗೆ ದಾಟಿ, ಬೆನ್ನಿಗೆ ನಾಲ್ಕು ಕಣ್ಣು ನಾಟಿರುವುದು ತಿಳಿದು, ಇನ್ನೂ ಜೋರಾಗಿ ಕಾಲು ಹಾಕುತ್ತಾ, "ಆರೋಗ್ಯಕ್ಕೂ ಒಳ್ಳೇದು ಮೇಡಂ, ನಿಧಾನ ಅನ್ನೋದು ನಮ್ಮ ಜಾಯಮಾನದಲ್ಲೇ ಇಲ್ಲ!" ಎನ್ನುತ್ತಾ ತಿರುವಿನಲ್ಲಿ ಮರೆಯಾದೆ.