ಗೇಣೆತ್ತರದ ಹೊಸ್ತಿಲು

ಬೈಲಹೊಂಗಲದ ನಡುಪೇಟೆಯಲ್ಲಿ, ನಾಲ್ಕು ಗೋಡೆಗಳ ನಡುವೆ, ಇಲ್ಲದ ಹಳ್ಳವನ್ನು ದಾಟಿ ಬಂದವರು ಯಾರಾದರೂ ಇದ್ದರೆ ಅದು ನನ್ನ ಅಕ್ಕ ಮಾತ್ರ! ಅದೂ ಎಪ್ಪತ್ತಾರನೆಯ ವಯಸ್ಸಿನಲ್ಲಿ!

ಹೋದ ವರ್ಷ ನಾಗರಪಂಚಮಿಗೆ ಅವಳನ್ನು ತವರಿಗೆ, ಅಂದರೆ ಚಚಡಿಯ ನನ್ನ ಮನೆಗೆ, ಕರೆತಂದಿದ್ದೆ. ಹೊಸದಾಗಿ ಕೂರಿಸಿದ ಸಾಗವಾನಿ ಹೊಸ್ತಿಲಿನಲ್ಲೇ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ‘ಸೀರೆ ತೊಡರಿತು’ ಎಂದು ಊರಿಗೆಲ್ಲ ಹೇಳಿದವನು ನಾನು. ಅಕ್ಕನೂ ಮಲಗಿದಲ್ಲಿಂದಲೇ, “ಹೌದರಿ, ಸೀರಿನ ತೊಡರಿತು” ಅಂದಳು.

ಎಲುಬು ಕೂಡಿತು. ಆದರೆ ಅಂಜಿಕೆಗೆ ಕಾಲು ಮೇಲೇಳಲಿಲ್ಲ. ಆಗ ಬೈಲಹೊಂಗಲದ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಬಾಯಿ ಅವಳ ಕಣ್ಣಿಗೊಂದು ಕರಿ ಡಬ್ಬಿ ಕಟ್ಟಿದಳು. ಅದಕ್ಕೆ ವಿ.ಆರ್. ಅಂತಾರಂತೆ; ಅದರೊಳಗೆ ಬೇರೆಯೇ ಲೋಕ! ಮೊದಲ ದಿನ ಹಳ್ಳ ಕಂಡಿತಂತೆ.

“ಅಮ್ಮಾರ, ಕಾಲ ಎತ್ತಿ ಕಲ್ಲಿನ ಮ್ಯಾಲೆ ಇಡ್ರಿ.”

“ತಡಿಯವಾ, ಸೀರಿ ತೊಯ್ದರ ನೀ ಒಗೀತಿಯೇನು?”

ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡೇ ದಾಟಿದಳು. ಡಬ್ಬಿ ಬಿಚ್ಚಿದ ಮೇಲೆ ಕಾಲು ಒರೆಸಿಕೊಳ್ಳಲು ಟವೆಲು ಬೇರೆ ಕೇಳಬೇಕೇ?

ಇನ್ನೊಂದು ದಿನ ಮಾವಿನ ತೋಟ. ಕೈ ಚಾಚಿ ಹಣ್ಣು ಹರಿಯಬೇಕು. ಅಕ್ಕ ಕೈಕಟ್ಟಿ ನಿಂತಳು. “ಯಾರ ತ್ವಾಟವಾ ಇದು? ಕೇಳದ ಹೆಂಗ ಹರೀಲಿ?” ಕೊನೆಗೆ ಡಾಕ್ಟರಬಾಯಿ, “ನಿಮ್ಮದರಿ, ನಿಮ್ಮ ಹೆಸರಿಗೇ ಐತಿ” ಎಂದು ತೋಟವನ್ನೇ ಬರೆದುಕೊಟ್ಟಳು! ವಾರವಾರ ಈ ತಮಾಷೆ ನೋಡಲೆಂದೇ ನಾನು ಬಸ್ಸು ಹತ್ತುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮುಂದೆ ಡಬ್ಬಿಯೊಳಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಬಂತು. ಅದರ ಮೇಲೆ ಕಾಲಿಟ್ಟು ಹತ್ತಬೇಕು.

“ಹೊಸ್ತಿಲಾ ತುಳೀತಾರೇನ?” ಎಂದ ಅಕ್ಕ ಬಗ್ಗಿ, ಗಾಳಿಯನ್ನು ಮುಟ್ಟಿ ಹಣೆಗೊತ್ತಿಕೊಂಡು, ದಿಮ್ಮಿಯನ್ನು ದಾಟಿಯೇಬಿಟ್ಟಳು!

“ಇಷ್ಟ ದಿನ ಬಗ್ಗರಿ ಅಂದ್ರ ಬಗ್ಗಲಿಲ್ಲಲ್ರಿ ಅಮ್ಮಾರ!” ಡಾಕ್ಟರಬಾಯಿ ಬೆರಗಾದಳು.

ಅಂದಿನಿಂದ ಅಕ್ಕನದು ಒಂದೇ ಹಟ: “ಇನ್ನೊಂದೀಟು ಏರಸವಾ.”

“ಯಾವ ಗುಡ್ಡಾ ಹತ್ತಾಕಿ ಇದ್ದೀ ಅಕ್ಕಾ?” ಎಂದು ನಾನು ನಕ್ಕೆ.

ಉತ್ತರ ಕೊಟ್ಟವಳು ಡಾಕ್ಟರಬಾಯಿ. “ಕಾಕಾ, ಮೊದಲನೇ ದಿನಾನ ಕೈಲೆ ಗೇಣ ಹಾಕಿ ತೋರಿಸ್ಯಾರ. ‘ನನ್ನ ತಮ್ಮನ ಹೊಸ್ತಿಲಾ ಇಷ್ಟ ಎತ್ತರ ಐತಿ, ಅಷ್ಟ ಕಲಸವಾ, ಪಂಚಮಿಗೆ ಹೋಗಬೇಕು’ ಅಂದಾರ.”

ನನ್ನ ನಗು ಅಲ್ಲಿಗೇ ನಿಂತಿತು. ಈಗ ಒಪ್ಪಿಕೊಳ್ಳುತ್ತೇನೆ: ಸೀರೆ ತೊಡರಿರಲೇ ಇಲ್ಲ. “ವಯಸ್ಸಾದವರು ಬರತಾರ, ಇಳಸೂಣ್ರಿ” ಎಂದು ಬಡಿಗೇರ ಬೇಡಿಕೊಂಡಿದ್ದ. “ಎತ್ತರ ಇದ್ರನ ಮನಿಗೆ ಕಳಾ” ಅಂದವನು ನಾನು. ಆಗಷ್ಟೇ ನನ್ನ ಜೊತೆ ಬಂದು ಅಂಗಳದಲ್ಲಿ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡಿದ್ದಳು.

“ಕೊಯ್ಸಿ ಇಳಸತೇನಿ ಅಕ್ಕಾ,” ಅಂದೆ.

“ಸುಮ್ನಿರು. ಕಲತದ್ದು ದಂಡ ಆಗತೈತಿ.”

ಈ ವರ್ಷದ ಪಂಚಮಿ. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಬಾಗಿಲತ್ತಲೇ ನೋಡುತ್ತ ನಿಂತಿದ್ದರು. ನಾನು ಒಳಗಿನಿಂದ ಕೈ ಚಾಚಿದೆ. ಅಕ್ಕ ಅದನ್ನು ಸರಿಸಿ, ಬಗ್ಗಿ ಹೊಸ್ತಿಲು ಮುಟ್ಟಿದಳು. ಬೇಕಾದದ್ದಕ್ಕಿಂತ ನಾಲ್ಕು ಬೆರಳು ಮೇಲಕ್ಕೇ ಕಾಲೆತ್ತಿ ಒಳಗೆ ಬಂದಳು. ಆಮೇಲೆ ನನ್ನ ತಲೆ ಸವರಿ, ಯಾರಿಗೂ ಕೇಳಿಸದಂತೆ ಕಿವಿಯಲ್ಲಿ ಹೇಳಿದಳು:

“ಸೀರಿ ತೊಡರಲಿಲ್ಲ ನೋಡು, ತಮ್ಮಾ.”